ಕಂಬದ ಕಾಲು

2009ರ ಅಕ್ಟೋಬರ್ ತಿಂಗಳ ಒಂದು ಗುರುವಾರ, ಬೆಳಿಗ್ಗೆ ಹನ್ನೊಂದು ದಾಟಿತ್ತು. ಬಂಗಾರಪೇಟೆಯಲ್ಲಿ ನಾನು ಸೆಂಟ್ರಿಂಗ್ ಕಟ್ಟಿದ್ದ ಮನೆಯೊಂದರ ನಡುಮನೆಯ ಮೇಲೆ ಕಾಂಕ್ರೀಟು ಬೀಳುತ್ತಿತ್ತು. ನಾನು ಕೆಳಗಿದ್ದೆ. ಮೇಲೆ ಮಿಕ್ಸರ್ ಸದ್ದು, ವೈಬ್ರೇಟರ್ ಸದ್ದು, ಬಾಂಡ್ಲಿ ಹೊರುವ ಹೆಂಗಸರ ಕೂಗು. ಇವೆಲ್ಲದರ ನಡುವೆ ಒಂದು ನರಳುವಿಕೆ ಕೇಳಿಸಿತು. ಭಾರ ತುಂಬಿದ ಎತ್ತಿನಗಾಡಿ ತಿರುವಿನಲ್ಲಿ ನರಳುತ್ತದಲ್ಲ, ಹಾಗೆ. ಆ ಸದ್ದು ಏನೆಂದು ನನಗೆ ಗೊತ್ತಿತ್ತು. ಅದನ್ನು ಕೇಳಿದವನು ಏನು ಮಾಡಬೇಕೆಂಬುದೂ ಗೊತ್ತಿತ್ತು. ಆದರೂ ನಾನು ಮಾಡಿದ್ದು ಬೇರೆ.

ಅಪ್ಪ ಕೋಲಾರದ ಚಿನ್ನದ ಗಣಿಗಳಲ್ಲೊಂದಾದ ಮೈಸೂರು ಮೈನಿನಲ್ಲಿ ಟಿಂಬರಿಂಗ್ ಗ್ಯಾಂಗಿನವರು, ಸುರಂಗಕ್ಕೆ ಮರದ ಆಸರೆ ಕೊಡುವವರು. ಮಾರಿಕುಪ್ಪಂ ಸ್ಟೇಷನ್ನಿನ ಹತ್ತಿರದ ಲೈನ್ ಮನೆಯಲ್ಲಿ ನಾವು ಬೆಳೆದೆವು. 1880ರಲ್ಲಿ ಜಾನ್ ಟೇಲರ್ ಕಂಪನಿ ಕೈಹಾಕಿದ ಮೇಲೆ ಕೋಲಾರದ ಗಣಿಗಳು ಇಳಿಯುತ್ತಲೇ ಹೋದವು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಕೆಳಗೆ ಹೋಯಿತು. ಅಷ್ಟು ಆಳದಲ್ಲಿ ಬಂಡೆ ಸುಮ್ಮನೆ ಕೂರುವುದಿಲ್ಲ. ಅದಿರು ತೆಗೆದು ಪೊಳ್ಳಾದ ಜಾಗವನ್ನು ಸುತ್ತಲಿನ ಬಂಡೆ ಅಮುಕುತ್ತಾ ಅಮುಕುತ್ತಾ ಒಂದು ಹೊತ್ತಿನಲ್ಲಿ ಸಿಡಿಯುತ್ತದೆ. ಗಣಿಯವರು ಅದನ್ನು ಏರ್‌ಬ್ಲಾಸ್ಟ್ ಎನ್ನುತ್ತಿದ್ದರು. ರಾತ್ರಿ ಹೊತ್ತು ಕೆಳಗೆ ಸಿಡಿದರೆ ಮೇಲೆ ನಮ್ಮ ಮನೆಯ ಗೂಡಿನಲ್ಲಿಟ್ಟ ಪಾತ್ರೆಗಳು ಅಲುಗುತ್ತಿದ್ದವು. ಅಮ್ಮ ಎದ್ದು ಕೂತು, ಅಪ್ಪನ ಶಿಫ್ಟ್ ಮುಗಿಯುವವರೆಗೂ ಬಾಗಿಲು ನೋಡುತ್ತಿದ್ದಳು.

ಬಂಡೆ ಸಿಡಿಯುವ ಕಡೆ ಮರವೊಂದೇ ತಡೆಯುವುದಿಲ್ಲವೆಂದು ಕಲ್ಲಿನ ಗೋಡೆಗಳನ್ನೂ ಕಟ್ಟುತ್ತಿದ್ದರು. ಆದರೂ ಅಪ್ಪನಿಗೆ ನಂಬಿಕೆ ಮರದ ಮೇಲೆ. ‘ಮರ ಮುರಿಯೋ ಮುಂಚೆ ಹೇಳುತ್ತಪ್ಪ. ಕಲ್ಲು ಹೇಳಲ್ಲ, ಕಬ್ಬಿಣ ಹೇಳಲ್ಲ’ ಎನ್ನುತ್ತಿದ್ದರು. ಇನ್ನೊಂದು ಮಾತನ್ನು ನಾನು ಉಳಿ ಹಿಡಿದ ವಯಸ್ಸಿನಿಂದ ಹೇಳುತ್ತಾ ಬಂದರು: ‘ಕಂಬ ನಿಲ್ಲಿಸೋವಾಗ ಎಲ್ರೂ ತಲೆ ನೋಡ್ತಾರೆ. ನೀನು ಕಾಲು ನೋಡು.’

ನಾನು ಮರಗೆಲಸ ಕಲಿತದ್ದು ಸೋದರಮಾವನ ಹತ್ತಿರ, ರಾಬರ್ಟ್‌ಸನ್‌ಪೇಟೆಯಲ್ಲಿ. ಬಾಗಿಲು, ಕಿಟಕಿ, ಮಂಗಳೂರು ಹೆಂಚಿನ ಸೂರಿಗೆ ಜಂತಿ-ರೀಪು ಹೊಡೆಯುವ ಕೆಲಸ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದರು. ಊರಿನ ಕೈಯಲ್ಲಿ ದುಡ್ಡಿಲ್ಲದ ಮೇಲೆ ಹೊಸ ಬಾಗಿಲು ಯಾರು ಮಾಡಿಸುತ್ತಾರೆ? ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೋಗುವ ಬೆಳಗಿನ ರೈಲು ನಮ್ಮಂಥವರಿಂದ ತುಂಬಿಹೋಯಿತು. ನಾನೂ ನಾಲ್ಕು ವರ್ಷ ಆ ರೈಲಿನಲ್ಲಿ ಓಡಾಡಿದೆ, ಬೆಂಗಳೂರಿನಲ್ಲಿ ಸೆಂಟ್ರಿಂಗ್ ಕೆಲಸ, ಅಂದರೆ ಹಸಿ ಕಾಂಕ್ರೀಟು ಹೊರಲು ಶೀಟು-ಕಂಬ ಕಟ್ಟುವ ಕೆಲಸ, ಕಲಿತೆ. ಕತ್ತಲಲ್ಲಿ ಹೋಗಿ ಕತ್ತಲಲ್ಲಿ ಬರುವುದು ಸಾಕೆನಿಸಿ 2005ರಲ್ಲಿ ಬಂಗಾರಪೇಟೆಯಲ್ಲಿ ಮನೆ ಮಾಡಿ, ಸಾಲ ತೆಗೆದು ಹಲಗೆ, ಶೀಟು, ನೀಲಗಿರಿ ಕಂಬಗಳನ್ನು ಕೊಂಡು ಸಣ್ಣ ಕಂಟ್ರಾಕ್ಟು ಹಿಡಿಯತೊಡಗಿದೆ. ಕೋಲಾರ ಜಿಲ್ಲೆಯಲ್ಲಿ ನೀಲಗಿರಿಗೆ ಬರವಿರಲಿಲ್ಲ, ಹಾಗಾಗಿ ಸರ್ವೆ ಮರ ಹುಡುಕಿಕೊಂಡು ಹೋಗಬೇಕಾಗಿರಲಿಲ್ಲ.

ಈಗ ಆ ಮನೆಯ ವಿಷಯಕ್ಕೆ ಬರುತ್ತೇನೆ. ಏನೇನು ತಪ್ಪು ಮಾಡಿದೆ ಎನ್ನುವುದನ್ನು ಒಂದೂ ಬಿಡದೆ ಹೇಳಬೇಕೆಂದೇ ಇದನ್ನು ಬರೆಯುತ್ತಿದ್ದೇನೆ.

ನಡುಮನೆ 14 ಅಡಿ ಅಗಲ, 18 ಅಡಿ ಉದ್ದ. ಸ್ಲ್ಯಾಬು ಐದು ಇಂಚು. ಒಂದು ಘನ ಮೀಟರ್ ಕಾಂಕ್ರೀಟು ಸುಮಾರು 2500 ಕೆ.ಜಿ. ತೂಗುತ್ತದೆ, ಆ ಲೆಕ್ಕದಲ್ಲಿ ಐದು ಇಂಚಿನ ಸ್ಲ್ಯಾಬು ಚದರಡಿಗೆ ಹತ್ತಿರ ಹತ್ತಿರ 30 ಕೆ.ಜಿ. ಒಟ್ಟು ಏಳೂವರೆ ಟನ್. ಅದರ ಮೇಲೆ ಕಬ್ಬಿಣ, ಹತ್ತು ಜನ, ವೈಬ್ರೇಟರಿನ ಅದುರು ಬೇರೆ. ಅಂಥ ಜಾಗಕ್ಕೆ ನಾನು ಯಾವಾಗಲೂ ಐದು ಸಾಲು, ಸಾಲಿಗೆ ಏಳರಂತೆ 35 ಕಂಬ ನಿಲ್ಲಿಸುತ್ತಿದ್ದೆ. ಅಂದು ನಿಲ್ಲಿಸಿದ್ದು 24. ಒಂದೊಂದು ಕಂಬದ ಪಾಲಿಗೆ ಇನ್ನೂರು ಚಿಲ್ಲರೆ ಕೆ.ಜಿ. ಬರಬೇಕಾದಲ್ಲಿ ಮುನ್ನೂರಕ್ಕೂ ಮೇಲಾಯಿತು.

ಯಾಕೆ 24? ನನ್ನ ಉಳಿದ ಕಂಬಗಳು ಆಂಡರ್ಸನ್‌ಪೇಟೆಯ ಇನ್ನೊಂದು ಕೆಲಸದಲ್ಲಿ ಸಿಕ್ಕಿಕೊಂಡಿದ್ದವು. ಅಲ್ಲಿನ ಮನೆಯವರು ಕಬ್ಬಿಣಕ್ಕೆ ದುಡ್ಡು ಹೊಂದಿಸಲಾಗದೆ ಮೂರು ವಾರ ಮುಂದೂಡಿದ್ದರು. ಬಾಡಿಗೆಗೆ ಕಂಬ ತರಬಹುದಿತ್ತು. ಆದರೆ ಬಂಗಾರಪೇಟೆಯ ಮನೆಗೆಂದು ಪಡೆದ 20,000 ರೂಪಾಯಿ ಅಡ್ವಾನ್ಸನ್ನು ಆಂಡರ್ಸನ್‌ಪೇಟೆಯ ಹುಡುಗರ ಶನಿವಾರದ ಬಟವಾಡೆಗೆ ಕೊಟ್ಟು ಮುಗಿಸಿದ್ದೆ. ಒಂದು ಮನೆಯ ದುಡ್ಡು ಇನ್ನೊಂದು ಮನೆಯ ಕೂಲಿಗೆ. ಸಣ್ಣ ಕಂಟ್ರಾಕ್ಟುದಾರರಲ್ಲಿ ಬಹಳ ಜನ ಹೀಗೇ ಮಾಡುತ್ತಾರೆ, ನಾನೂ ನಾಲ್ಕು ವರ್ಷದಿಂದ ಹೀಗೇ ಮಾಡಿಕೊಂಡು ಬಂದಿದ್ದೆ. ಕಂಬ ಕಡಿಮೆಯಾದದ್ದು ಮರದ ಕೊರತೆಯಿಂದಲ್ಲ, ಲೆಕ್ಕದ ಪುಸ್ತಕದಿಂದ.

ಕಂಬ ಕಡಿಮೆ ಇದ್ದದ್ದೊಂದರಿಂದಲೇ ಬೀಳುತ್ತಿರಲಿಲ್ಲ. ಪಾಯದೊಳಗೆ ಎರಡಡಿ ಮಣ್ಣು ತುಂಬಿದ್ದರು. ದಿಮ್ಮಸು ಹಾಕಿ ಗಟ್ಟಿ ಮಾಡಿರಲಿಲ್ಲ. ಕಂಬದ ಬುಡಕ್ಕೆ ಉದ್ದದ ಹಲಗೆ ಹಾಸಿ, ಅದರ ಮೇಲೆ ಜೋಡಿ ಬೆಣೆ ಕೊಟ್ಟು ಕಂಬ ಬಿಗಿಮಾಡಬೇಕು. ಹಲಗೆಗಳೂ ಆಂಡರ್ಸನ್‌ಪೇಟೆಯಲ್ಲಿದ್ದವು. ಒಂಬತ್ತು ಕಂಬಗಳ ಬುಡಕ್ಕೆ ಅಲ್ಲೇ ಬಿದ್ದಿದ್ದ ಇಟ್ಟಿಗೆ ತುಂಡು ಕೊಟ್ಟೆ. ಅರ್ಧ ಇಟ್ಟಿಗೆ ಎಂದರೆ ಅಂಗೈಯಷ್ಟು ಜಾಗ. ಅದರ ಮೇಲೆ ಮುನ್ನೂರು ಕೆ.ಜಿ. ಬುಧವಾರ ರಾತ್ರಿ ಹಿಂಗಾರು ಮಳೆ ಜೋರಾಗಿ ಸುರಿಯಿತು. ಸೂರಿಲ್ಲದ ಮನೆ, ನೀರೆಲ್ಲ ಒಳಗೇ ಇಳಿಯಿತು. ಬೆಳಿಗ್ಗೆ ಬಂದು ನೋಡಿದಾಗ ಮಣ್ಣು ಕಾಲಿಗೆ ಅಂಟುತ್ತಿತ್ತು. ಬೆಣೆಗಳನ್ನು ಒಮ್ಮೆ ಕುಟ್ಟಿ ನೋಡಿದೆ, ಬಿಗಿಯಾಗಿದ್ದವು. ಖಾಲಿ ಶೀಟಿನ ಕೆಳಗೆ ಯಾವ ಬೆಣೆಯಾದರೂ ಬಿಗಿಯಾಗಿಯೇ ಇರುತ್ತದೆ. ಮಿಕ್ಸರ್ ಬಂದಿತ್ತು, ಹದಿನೆಂಟು ಆಳು ಬಂದಿದ್ದರು, ಮನೆಯ ಯಜಮಾನರು ಪೂಜೆಗೆ ಕಾಯಿ ಹಿಡಿದು ನಿಂತಿದ್ದರು. ಇವತ್ತು ಬೇಡ ಎನ್ನುವ ಮಾತು ಬಾಯಿಗೆ ಬರಲಿಲ್ಲ.

ಹನ್ನೊಂದರ ಸುಮಾರಿಗೆ ಕಾಂಕ್ರೀಟು ಮೇಲೇರಿಸುವ ಲಿಫ್ಟಿನ ಪಕ್ಕದಲ್ಲಿ ಕಾಂಕ್ರೀಟು ಗುಡ್ಡೆಯಾಯಿತು. ಹರಡುವ ಗಾರೆಯವರು ಆಚೆ ಮೂಲೆಯಲ್ಲಿದ್ದರು. ಗುಡ್ಡೆ ನಿಂತದ್ದು ಇಟ್ಟಿಗೆ ತುಂಡಿನ ಮೇಲಿನ ಕಂಬಗಳ ನೆತ್ತಿಯಲ್ಲೇ. ಆಗ ಆ ನರಳುವ ಸದ್ದು. ನೋಡಿದರೆ ಹೊರಗೋಡೆಯ ಕಡೆಯ ಒಂದು ಕಂಬದ ತಲೆಗೂ ಮೇಲಿನ ತೊಲೆಗೂ ನಡುವೆ ಬೆಳಕು ಕಾಣುತ್ತಿತ್ತು. ಬೆರಳು ತೂರುವಷ್ಟು ಸಂದು. ಕಂಬದ ಕಾಲು ಇಳಿದಿತ್ತು, ಅದರ ಭಾರವೆಲ್ಲ ಪಕ್ಕದ ಕಂಬಗಳಿಗೆ ಹೋಗಿತ್ತು. ನರಳುತ್ತಿದ್ದದ್ದು ಆ ಪಕ್ಕದವು.

‘ನಿಲ್ಲಿಸಿ, ಎಲ್ಲ ಇಳೀರಿ’ ಎಂದು ಕೂಗಿ ಹೊರಗೆ ಓಡಬೇಕಿತ್ತು. ಅಪ್ಪ ಆಗಿದ್ದರೆ ಅದನ್ನೇ ಮಾಡುತ್ತಿದ್ದರು. ನಾನು ಸುತ್ತಿಗೆ ಎತ್ತಿಕೊಂಡು ಆ ಬೆಣೆಗೆ ಹೊಡೆಯಲು ಕೂತೆ. ಮರ ಹೇಳಿದ್ದನ್ನು ಕಿವಿ ಕೇಳಿಸಿಕೊಂಡಿತು, ಕೈ ಕೇಳಲಿಲ್ಲ. ನನ್ನ ಜೊತೆಗಿದ್ದ ಹುಡುಗ, ಹತ್ತೊಂಬತ್ತು ವರ್ಷದವನು, ‘ಅಣ್ಣಾ, ಬನ್ನಿ ಅಣ್ಣಾ’ ಎಂದು ನನ್ನ ಅಂಗಿ ಹಿಡಿದು ಎಳೆದ. ಮೂರನೇ ಏಟಿಗೆ ಪಕ್ಕದ ಕಂಬ ನಡು ಬಾಗಿ ಸೀಳಿತು. ಆ ಸಾಲಿಗೆ ನಡುಮಟ್ಟದಲ್ಲಿ ಅಡ್ಡಪಟ್ಟಿ ಹೊಡೆದಿರಲಿಲ್ಲ. ಹೊಡೆದಿದ್ದರೆ ಕಂಬ ಅಷ್ಟು ಸುಲಭವಾಗಿ ಬಾಗುತ್ತಿರಲಿಲ್ಲ. ಅದು ನಾಲ್ಕನೇ ತಪ್ಪೋ ಐದನೆಯದೋ, ಲೆಕ್ಕ ನೀವೇ ಇಟ್ಟುಕೊಳ್ಳಿ.

ಅರ್ಧ ಸ್ಲ್ಯಾಬು ಇಳಿಯಿತು. ದೇವರ ದಯೆ, ಮೇಲಿದ್ದ ಹೆಂಗಸರು ಆ ಹೊತ್ತಿಗೆ ಇನ್ನೊಂದು ಬದಿಯಲ್ಲಿದ್ದರು. ಗಾರೆಯವರೊಬ್ಬರು ಕಾಂಕ್ರೀಟಿನ ಜೊತೆಗೇ ಜಾರಿ ಬಂದು ಮೊಣಕೈ ತರಚಿಕೊಂಡರು. ಹುಡುಗನ ಹೆಗಲ ಮೂಳೆ ಮುರಿಯಿತು. ನನ್ನ ಎಡತೊಡೆಯ ಮೇಲೆ ತೊಲೆ, ತೊಲೆಯ ಮೇಲೆ ಕಬ್ಬಿಣದ ಜಾಲರಿ, ಸೊಂಟದವರೆಗೆ ಹಸಿ ಕಾಂಕ್ರೀಟು. ನೋವು ತಕ್ಷಣ ಬರಲಿಲ್ಲ. ಮೊದಲು ಗೊತ್ತಾದದ್ದು ತಣುಪು. ಸ್ವಲ್ಪ ಹೊತ್ತಿಗೆ ಚರ್ಮ ಉರಿಯತೊಡಗಿತು. ಹಸಿ ಸಿಮೆಂಟು ಸುಣ್ಣದ ಹಾಗೆ ಸುಡುತ್ತದೆ. ಯಾರೋ ಪುಣ್ಯಾತ್ಮರು ರಸ್ತೆಯಲ್ಲಿ ನಿಂತಿದ್ದ ಲಾರಿಯ ಜಾಕಿ ತಂದು ತೊಲೆ ಎತ್ತಿದರು. ಅಷ್ಟರಲ್ಲಿ ಮುಕ್ಕಾಲು ಗಂಟೆ ಕಳೆದಿತ್ತು. ಆಸ್ಪತ್ರೆಯಲ್ಲಿ ಬಟ್ಟೆ ಕತ್ತರಿಸಿ ತೊಳೆದಾಗ ತೊಡೆಯ ಚರ್ಮ ಬಟ್ಟೆಯ ಜೊತೆಗೇ ಬಂತು. ಸಿಮೆಂಟಿನಲ್ಲಿ ಸಿಕ್ಕಿದವರ ಮೇಲೆ ಮೊದಲು ಬಕೆಟ್ಟುಗಟ್ಟಲೆ ನೀರು ಸುರಿಯಬೇಕು. ಅಲ್ಲಿದ್ದ ಯಾರಿಗೂ ಅದು ಗೊತ್ತಿರಲಿಲ್ಲ, ಹೇಳಬೇಕಾದ ನನಗೆ ಮಾತು ನಿಂತುಹೋಗಿತ್ತು.

ತೊಡೆಮೂಳೆ ಎರಡು ಕಡೆ ಮುರಿದಿತ್ತು. ಬೆಂಗಳೂರಿಗೆ ಒಯ್ದು ರಾಡು ಹಾಕಿಸಿದರು. ಮೂರನೇ ದಿನ ಅಪ್ಪ ಬಂದರು. ಗಣಿಯ ಧೂಳು ತಿಂದ ಎದೆ ಅವರದು, ನಾಲ್ಕು ಹೆಜ್ಜೆಗೆ ನಿಂತು ಉಸಿರು ತೆಗೆಯಬೇಕು. ಬರುವ ದಾರಿಯಲ್ಲಿ ಬಂಗಾರಪೇಟೆಯಲ್ಲಿ ಇಳಿದು ಆ ಮನೆ ನೋಡಿಕೊಂಡು ಬಂದಿದ್ದರು. ನನ್ನ ಮಂಚದ ಪಕ್ಕ ಕೂತು ತುಂಬ ಹೊತ್ತು ಸುಮ್ಮನಿದ್ದು, ‘ಇಟ್ಟಿಗೆ ಒಂದು ಗೇಣು ಮಣ್ಣೊಳಗೆ ಹೋಗಿದೆಯಪ್ಪ’ ಎಂದರು. ಅಷ್ಟೇ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಹಾಸಿಗೆಯಲ್ಲಿ ಐದು ತಿಂಗಳು. ಮೈ ನೋವಿಗಿಂತ ದುಡ್ಡಿನ ನೋವು ದೊಡ್ಡದಾಯಿತು. ಮನೆಯ ಯಜಮಾನರ ಜೊತೆ ಕರಾರು ಎಂಬುದೇ ಇರಲಿಲ್ಲ. ಚದರಡಿಗೆ ಇಷ್ಟು ಎಂದು ಬಾಯಿಮಾತು. ಬಿದ್ದ ಕಾಂಕ್ರೀಟು, ಡೊಂಕಾದ ಕಬ್ಬಿಣ, ಮತ್ತೆ ಕಟ್ಟಬೇಕಾದ ಗೋಡೆ, ಎಲ್ಲ ನಾನೇ ಕೊಡಬೇಕೆಂದು ಅವರು ಪಟ್ಟು ಹಿಡಿದರು. ಮಣ್ಣು ತುಂಬಿಸಿ ದಿಮ್ಮಸು ಹಾಕಿಸದೆ ಬಿಟ್ಟದ್ದು ಅವರ ಮೇಸ್ತ್ರಿಯ ಕೆಲಸ ಎಂದು ನನ್ನ ವಾದ. ಇಬ್ಬರ ಕೈಯಲ್ಲೂ ಒಂದು ಚೂರು ಕಾಗದವಿಲ್ಲ. ಕೊನೆಗೆ ಹಿರಿಯರು ಕೂತು, ನಾನು 85,000 ಕೊಡಬೇಕೆಂದು ತೀರ್ಮಾನಿಸಿದರು. ಅದು ಅನ್ಯಾಯವೆಂದು ಆಗ ಅನಿಸಿತ್ತು; ಈಗ ಹಾಗನ್ನಲಾರೆ, ಮಣ್ಣು ಹಸಿಯಿದೆ ಎಂದು ಕಂಡವನು ನಾನು. ಹೆಂಡತಿಯ ಸರ, ಎರಡು ಬಳೆ ಅಡವಿಗೆ ಹೋದವು. ಅಪ್ಪ ಮೂವತ್ತು ವರ್ಷ ಚಿನ್ನದ ಗಣಿಯಲ್ಲಿ ದುಡಿದು ಸೊಸೆಗೆ ಹಾಕಿಸಿದ್ದ ಚಿನ್ನ ಅದೊಂದೇ. ಹುಡುಗನ ಆಸ್ಪತ್ರೆ ಖರ್ಚಿಗೆ ಹಲಗೆ, ಶೀಟು ಮಾರಿದೆ. ಅದನ್ನು ಯಾರೂ ಹೇಳಿ ಮಾಡಿಸಲಿಲ್ಲ, ಅವನು ನನ್ನ ಅಂಗಿ ಹಿಡಿದು ಎಳೆದವನು.

ಇನ್ನೊಂದು ಸಂಕಟ ಹೇಳಲೇಬೇಕು. ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲೇ ಕೇಂದ್ರದ ಕಾಯ್ದೆ ಬಂದಿತ್ತು. ಕರ್ನಾಟಕದಲ್ಲಿ ಕಲ್ಯಾಣ ಮಂಡಳಿ 2007ರಲ್ಲಿ ಶುರುವಾಗಿತ್ತು. ಹದಿನೆಂಟರಿಂದ ಅರವತ್ತು ವಯಸ್ಸಿನವರು, ಹಿಂದಿನ ಹನ್ನೆರಡು ತಿಂಗಳಲ್ಲಿ ತೊಂಬತ್ತು ದಿನ ಕಟ್ಟಡ ಕೆಲಸ ಮಾಡಿದ್ದರೆ ನೋಂದಾಯಿಸಿಕೊಳ್ಳಬಹುದಿತ್ತು, ಅಪಘಾತವಾದರೆ ನೆರವಿತ್ತು. ಸಂಘದವರು ಬಂದು ಹೇಳಿದ್ದರು, ಫಾರಂ ಕೂಡ ಕೊಟ್ಟಿದ್ದರು. ಆಮೇಲೆ ತುಂಬಿಸೋಣ ಎಂದು ಟೂಲ್ ಪೆಟ್ಟಿಗೆಯಲ್ಲಿ ಇಟ್ಟಿದ್ದೆ. ಬಿದ್ದ ಮೇಲೆ ಹೆಂಡತಿ ಪೆಟ್ಟಿಗೆ ತೆಗೆದಾಗ ಕೀಸುಳಿಯ ಕೆಳಗೆ ಮಡಚಿದ ಆ ಫಾರಂ ಸಿಕ್ಕಿತು. ನನ್ನದೂ ಆಗಿರಲಿಲ್ಲ, ಹುಡುಗನದೂ ಆಗಿರಲಿಲ್ಲ.

ಮತ್ತೆ ಕೆಲಸ ಶುರುಮಾಡಿದ್ದು ಮಾವನ ಅಂಗಡಿಯ ಸ್ಟೂಲಿನ ಮೇಲೆ ಕೂತು. ಊರುಗೋಲು ಪಕ್ಕಕ್ಕೆ ಒರಗಿಸಿ, ಒಂದು ಬಾಗಿಲ ಚೌಕಟ್ಟಿಗೆ ಕೈಹಾಕಿದೆ. ಬೇವಿನ ಮರ, ಐದು-ಮೂರು ಇಂಚಿನ ಸೈಜು. ಏಳಡಿಯ ಎರಡು ನಿಲುವು, ಮೂರೂವರೆ ಅಡಿಯ ಎರಡು ಅಡ್ಡ, ಒಟ್ಟು ಇಪ್ಪತ್ತೊಂದು ಅಡಿ. ಲೆಕ್ಕಕ್ಕೆ ಎರಡು ಘನ ಅಡಿಗಿಂತ ಸ್ವಲ್ಪ ಮೇಲೆ. ಗರಗಸ ತಿನ್ನುವುದು, ಗಂಟು ಬಂದು ತೆಗೆದುಹಾಕುವುದು ಸೇರಿಸಿದರೆ ಎರಡೂವರೆ ಘನ ಅಡಿಯ ದುಡ್ಡು ಹಿಡಿಯಬೇಕು. ನಾನು ವರ್ಷಗಟ್ಟಲೆ ಹಿಡಿದಿರಲಿಲ್ಲ. ಒಂದೊಂದು ಬಾಗಿಲಿನಲ್ಲೂ ಸದ್ದಿಲ್ಲದೆ ಕಳೆದುಕೊಂಡದ್ದೆಷ್ಟೋ.

ಆ ಚೌಕಟ್ಟಿಗೆ ನಾಲ್ಕು ದಿನ ತೆಗೆದುಕೊಂಡೆ. ಮರವನ್ನು ಮಾವ ಮುಂಚೆಯೇ ನೆರಳಿನಲ್ಲಿ, ನಡುನಡುವೆ ಪಟ್ಟಿ ಕೊಟ್ಟು, ಗಾಳಿಯಾಡುವ ಹಾಗೆ ಅಟ್ಟಿಯಿಟ್ಟಿದ್ದರು. ನಮ್ಮ ಕಡೆಯ ಬೇಸಿಗೆ ಗಾಳಿ ಒಣ ಗಾಳಿ. ಹಸಿ ಮರ ತಂದು ಚೌಕಟ್ಟು ಮಾಡಿದರೆ ಏಪ್ರಿಲ್ ಹೊತ್ತಿಗೆ ಕೂಡಿಕೆ ಬಾಯಿಬಿಡುತ್ತದೆ. ತುದಿಗಳಿಗೆ ಬಣ್ಣ ಬಳಿದಿಟ್ಟರೆ ಸೀಳುವುದು ಕಡಿಮೆ. ನಿಲುವಿನಲ್ಲಿ ಚೌಕದ ತೂತು ಕೊರೆದು, ಅಡ್ಡದ ನಾಲಿಗೆ ಅದರಲ್ಲಿ ಕೂರಿಸಿ, ಬಿದಿರಿನ ಬೆಣೆ ಹೊಡೆದೆ. ಕೊನೆಗೆ ಮೂಲೆಯಿಂದ ಮೂಲೆಗೆ ಎರಡೂ ಕಡೆ ಟೇಪು ಹಿಡಿದೆ. ಎರಡೂ ಅಳತೆ ಒಂದೇ ಬಂತು, ಒಂದು ನೂಲೂ ಹೆಚ್ಚು ಕಡಿಮೆಯಿಲ್ಲ. ಅಂದು ಮನೆಗೆ ಹೋಗಿ ಹೊಟ್ಟೆ ತುಂಬ ಉಂಡೆ, ಐದು ತಿಂಗಳ ಮೇಲೆ.

ಸೆಂಟ್ರಿಂಗಿಗೆ ಮರಳಿದ್ದು 2011ರಲ್ಲಿ. ಹೆಂಡತಿಗೆ ಇಷ್ಟವಿರಲಿಲ್ಲ. ‘ಬೇಡ ರೀ, ಬಾಗಿಲು ಮಾಡಿಕೊಂಡೇ ಇರೋಣ’ ಎಂದಳು. ಬಾಗಿಲಿನ ದುಡ್ಡಿನಲ್ಲಿ ಬಡ್ಡಿ ತೀರುತ್ತಿತ್ತು, ಅಸಲು ತೀರುತ್ತಿರಲಿಲ್ಲ. ಅಡವಿಟ್ಟ ಸರ ಬಿಡಿಸಿದ್ದು 2013ರ ದೀಪಾವಳಿಗೆ.

ಈಗ ನನ್ನ ಕೆಲಸದ ರೀತಿ ಹೀಗಿದೆ. ಮಣ್ಣು ತುಂಬಿದ ಜಾಗವಾದರೆ ನೀರು ಬಿಟ್ಟು ದಿಮ್ಮಸು ಹಾಕುವವರೆಗೂ ಕಂಬ ಇಳಿಸುವುದಿಲ್ಲ. ಪ್ರತಿ ಸಾಲಿನ ಕೆಳಗೂ ಒಂಬತ್ತು ಇಂಚು ಅಗಲದ ಹಲಗೆ ಉದ್ದಕ್ಕೆ ಹಾಸುತ್ತೇನೆ, ಭಾರ ಒಂದೇ ಕಡೆ ಕೂರದೆ ಹರಡಲೆಂದು. ಎರಡು ಬೆಣೆ ಎದುರುಬದುರು ಹೊಡೆದು, ಬಿಗಿಯಾದ ಮೇಲೆ ಮೊಳೆ ಹೊಡೆದು ಕೂರಿಸುತ್ತೇನೆ. ವೈಬ್ರೇಟರ್ ಅದುರಿಗೆ ಬೆಣೆ ಜಾರಬಾರದು. ನಡುಮಟ್ಟದಲ್ಲಿ ಎರಡೂ ದಿಕ್ಕಿಗೆ ಅಡ್ಡಪಟ್ಟಿ, ಮೂಲೆಗಳಿಗೆ ಓರೆಪಟ್ಟಿ. ತುಂಡು ಕಂಬಕ್ಕೆ ತುಂಡು ಸೇರಿಸಿ ಉದ್ದ ಮಾಡುವುದನ್ನು ಬಿಟ್ಟೇಬಿಟ್ಟೆ. ಇತ್ತೀಚೆಗೆ ಕಬ್ಬಿಣದ ಜಾಕಿ ಕಂಬಗಳೂ ಬಂದಿವೆ, ಒಳ್ಳೆಯವೇ; ಆದರೆ ಅವಕ್ಕೂ ಕಾಲಿದೆ, ಅವು ನರಳುವುದೂ ಇಲ್ಲ.

ಆದ್ದರಿಂದ ಇನ್ನೊಂದು ಉಪಾಯ ಮಾಡಿಕೊಂಡಿದ್ದೇನೆ. ಶೀಟಿನ ತಳದಿಂದ ನಾಲ್ಕೈದು ಕಡೆ ದಾರ ಇಳಿಬಿಟ್ಟು, ತುದಿಗೆ ತೂಕದ ಗುಂಡು ಕಟ್ಟುತ್ತೇನೆ. ಪ್ರತಿ ಗುಂಡಿನ ಕೆಳಗೆ, ಕಂಬಗಳಿಂದ ದೂರ, ಒಂದು ಗೂಟ ಹೊಡೆದು, ಗುಂಡಿಗೂ ಗೂಟದ ತಲೆಗೂ ನಡುವೆ ಒಂದು ನಾಣ್ಯ ತೂರುವಷ್ಟು ಸಂದು ಬಿಡುತ್ತೇನೆ. ಕಾಂಕ್ರೀಟು ಬೀಳುವಾಗ ಒಬ್ಬ ಹುಡುಗ ಬಾಗಿಲ ಹೊರಗೆ ನಿಂತು ಗುಂಡುಗಳನ್ನೇ ನೋಡುತ್ತಿರಬೇಕು, ಅವನಿಗೆ ಬೇರೆ ಕೆಲಸವಿಲ್ಲ. ಯಾವುದಾದರೂ ಗುಂಡು ಗೂಟಕ್ಕೆ ಕೂತರೆ ಅವನು ಸೀಟಿ ಊದುತ್ತಾನೆ. ಸೀಟಿ ಕೇಳಿದರೆ ಮಿಕ್ಸರ್ ನಿಲ್ಲಬೇಕು, ಮೇಲಿನವರು ಗೋಡೆಯ ಮೇಲೆ ಹೋಗಬೇಕು, ಒಳಗೆ ಯಾರೂ ಕಾಲಿಡಬಾರದು. ಸುತ್ತಿಗೆ ಹಿಡಿದು ಒಳನುಗ್ಗಿದವನಿಗೆ ಮರುದಿನದಿಂದ ನನ್ನಲ್ಲಿ ಕೆಲಸವಿಲ್ಲ.

ಬಿಚ್ಚುವುದಕ್ಕೂ ಅವಸರ ಮಾಡುವುದಿಲ್ಲ. ನಾಲ್ಕೂವರೆ ಮೀಟರಿನೊಳಗಿನ ಸ್ಲ್ಯಾಬಿಗೆ ಕಂಬ ಏಳು ದಿನ, ಅದಕ್ಕಿಂತ ದೊಡ್ಡದಕ್ಕೆ ಹದಿನಾಲ್ಕು, ಆರು ಮೀಟರಿನೊಳಗಿನ ಕಾಂಕ್ರೀಟು ತೊಲೆಗೆ ಹದಿನಾಲ್ಕು, ಅದಕ್ಕೂ ಮೀರಿದರೆ ಇಪ್ಪತ್ತೊಂದು. ಕಾಂಕ್ರೀಟು ಕೆಲಸದ ಭಾರತೀಯ ಮಾನಕ ಐ.ಎಸ್. 456 ಹೇಳುವ ಕನಿಷ್ಠ ದಿನಗಳು ಇವು. ಚಳಿಗಾಲದಲ್ಲಿ ನಾನು ಇನ್ನೂ ಎರಡು ದಿನ ಸೇರಿಸುತ್ತೇನೆ. ನಡುವಿನಿಂದ ಬಿಚ್ಚುತ್ತಾ ಗೋಡೆಯ ಕಡೆಗೆ ಹೋಗಬೇಕು. ಸಜ್ಜ, ಬಾಲ್ಕನಿಯಾದರೆ ಹೊರತುದಿಯಿಂದ ಒಳಕ್ಕೆ.

ಲೆಕ್ಕದ್ದೂ ಹೇಳಿಬಿಡುತ್ತೇನೆ. ಮನೆಗೊಂದು ನೋಟ್‌ಬುಕ್ಕು, ಒಂದರ ದುಡ್ಡು ಇನ್ನೊಂದಕ್ಕೆ ಹೋಗುವುದಿಲ್ಲ. ಎರಡು ವಾರದ ಬಟವಾಡೆ ಕೈಯಲ್ಲಿಲ್ಲದೆ ಹೊಸ ಕೆಲಸ ಒಪ್ಪುವುದಿಲ್ಲ. ಒಂದು ಹಾಳೆಯ ಕರಾರಾದರೂ ಬೇಕೇ ಬೇಕು: ಮಣ್ಣು ಗಟ್ಟಿ ಮಾಡಿಸುವುದು ಯಾರ ಪಾಲು, ತೊಲೆಯ ಪಕ್ಕಗಳನ್ನು ಅಳತೆಗೆ ಸೇರಿಸುತ್ತೇವೋ ಇಲ್ಲವೋ, ಸಾಮಾನು ಇಳಿದಾಗ ಎಷ್ಟು, ಸ್ಲ್ಯಾಬು ಬಿದ್ದಾಗ ಎಷ್ಟು, ಬಿಚ್ಚಿದಾಗ ಎಷ್ಟು, ಮಳೆ ಬಂದು ಒಂದು ದಿನ ಮುಂದೆ ಹೋದರೆ ಆಳಿನ ಕೂಲಿ ಯಾರು ಕೊಡಬೇಕು. ಈ ಕೊನೆಯ ಸಾಲನ್ನು ಬರೆಯುವಾಗ ಎಷ್ಟೋ ಯಜಮಾನರು ಮುಖ ಗಂಟಿಕ್ಕುತ್ತಾರೆ. ನಾನು ಬಿಡುವುದಿಲ್ಲ. ಅಂದು ಆ ಸಾಲು ಇದ್ದಿದ್ದರೆ ಗುರುವಾರ ಬೆಳಿಗ್ಗೆ ‘ಇವತ್ತು ಬೇಡ ಸಾರ್’ ಎನ್ನಲು ನನಗೆ ಧೈರ್ಯ ಬರುತ್ತಿತ್ತು.

ನನ್ನ ಹತ್ತಿರ ಕೆಲಸಕ್ಕೆ ಬರುವ ಪ್ರತಿಯೊಬ್ಬರ ಕಾರ್ಮಿಕ ಕಾರ್ಡನ್ನೂ ನಾನೇ ನಿಂತು ಮಾಡಿಸುತ್ತೇನೆ. ಹೆಗಲು ಮುರಿದುಕೊಂಡ ಆ ಹುಡುಗ ಈಗ ಬೆಂಗಳೂರಿನಲ್ಲಿ ತಾನೇ ಮೇಸ್ತ್ರಿ. ಅಪ್ಪ 2014ರಲ್ಲಿ ತೀರಿಕೊಂಡರು. ನಾನು ಇಂದಿಗೂ ಎಡಗಾಲು ಸ್ವಲ್ಪ ಎಳೆದೇ ನಡೆಯುತ್ತೇನೆ.

ಇದನ್ನು ಓದುವ ನೀವು ಮನೆ ಕಟ್ಟಿಸುತ್ತಿದ್ದರೆ ಒಂದು ಕೋರಿಕೆ. ಸ್ಲ್ಯಾಬು ಹಾಕುವ ಹಿಂದಿನ ಸಂಜೆ, ಕೆಲಸದವರೆಲ್ಲ ಹೋದ ಮೇಲೆ, ಟಾರ್ಚು ಹಿಡಿದು ಒಂದು ಸಲ ಒಳಗೆ ಹೋಗಿ. ಒಂದೊಂದೇ ಕಂಬದ ಬುಡಕ್ಕೆ ಬೆಳಕು ಬಿಡಿ. ಇಟ್ಟಿಗೆ ತುಂಡು ಕಂಡರೆ, ಮಣ್ಣು ಹಸಿಯಿದ್ದರೆ, ರಾತ್ರಿಯೇ ಮೇಸ್ತ್ರಿಗೆ ಫೋನ್ ಮಾಡಿ ಕೆಲಸ ನಾಳಿದ್ದಿಗೆ ಹಾಕಿ. ಆ ಒಂದು ದಿನದ ಕೂಲಿ ನೀವು ಕೊಡಿ.